ರಾಜನ ಮೂಗು ಸವೆದ ಪದಕ

ಎರಡೂವರೆ ವರ್ಷ ಎಂದು ನ್ಯಾಯಾಧೀಶರು ಹೇಳಿ ಮುಗಿಸುವವರೆಗೆ ಆರ್ನಲ್ಡ್ ಹೇಗೋ ಬಾಯಿ ಮುಚ್ಚಿಕೊಂಡಿದ್ದ. ಆ ಸಿಟ್ಟನ್ನೆಲ್ಲ ಕೋರ್ಟಿನ ಮೆಟ್ಟಿಲ ಮೇಲೆ ಬಂದು ಕಾರಿಕೊಂಡ.

"ಎರಡೂವರೆ ವರ್ಷವಂತೆ! ಅದರಲ್ಲೂ ಅರ್ಧಕ್ಕೇ ಬಿಟ್ಟು ಕಳಿಸ್ತಾರೆ. ಒಳಗೆ ಟೀವಿ ಬೇರೆ, ಬಿಸಿಬಿಸಿ ಊಟ ಬೇರೆ. ನಮ್ಮ ಕಾಲದಲ್ಲಾಗಿದ್ರೆ ಚರ್ಮ ಸುಲೀತಿದ್ವಿ ಕಣ್ರೀ!"

ಸುತ್ತ ನಿಂತ ಮಾಜಿ ಸೈನಿಕರ ಕ್ಲಬ್ಬಿನವರು ಹೌದೌದು ಎಂದರು. ಆರ್ನಲ್ಡ್ ಸೈನ್ಯದಲ್ಲಿದ್ದಷ್ಟು ದಿನವೂ ಅಡುಗೆಮನೆಯಲ್ಲಿದ್ದವನು, ಸುಲಿದದ್ದೇನಿದ್ದರೂ ಆಲೂಗಡ್ಡೆ. ಆದರೆ ಅದನ್ನು ಜ್ಞಾಪಿಸುವ ಸಮಯ ಅದಾಗಿರಲಿಲ್ಲ.

ಹ್ಯಾಡರ್‌ಕ್ಲಫ್ ಎಂಬ ಆ ಯಾರ್ಕ್‌ಷೈರ್ ಊರಿನ ಕ್ಲಬ್ಬಿನಲ್ಲಿ ಒಂದು ಗಾಜಿನ ಪೆಟ್ಟಿಗೆಯಿತ್ತು. ಊರಿನ ಗಂಡಸರು ಎರಡು ಮಹಾಯುದ್ಧಗಳಿಂದ ತಂದ ಪದಕಗಳೆಲ್ಲ ಅದರಲ್ಲಿದ್ದವು. ಡ್ಯಾರೆನ್ ಗ್ರೆಗ್ಸನ್ ಆ ಗಾಜು ಒಡೆದು ಎಲ್ಲವನ್ನೂ ಗೋರಿಕೊಂಡು ಹೋಗಿದ್ದ. ಹಳೇ ವಸ್ತುಗಳ ವ್ಯಾಪಾರಿಯೊಬ್ಬನ ಅಂಗಡಿಯಲ್ಲಿ ಎಲ್ಲ ಸಿಕ್ಕವು, ಒಂದನ್ನು ಬಿಟ್ಟು. ಆ ಒಂದು ಮುದುಕಿ ವಿನ್ನಿ ಸಟ್‌ಕ್ಲಿಫ್‌ಳ ಅಪ್ಪನದು, ಮೊದಲ ಮಹಾಯುದ್ಧದ ಬೆಳ್ಳಿ ಪದಕ.

ಅದು ಯಾಕೆ ಸಿಗಲಿಲ್ಲ ಎನ್ನುವುದನ್ನು ವ್ಯಾಪಾರಿಯೇ ಸಾಕ್ಷಿಕಟ್ಟೆಯಲ್ಲಿ ಹೇಳಿದ್ದ. "ಅದನ್ನ ನಾನು ಮುಟ್ಟಲಿಲ್ಲ ಸ್ವಾಮಿ. ಯಾರೋ ತಿಕ್ಕಿ ತಿಕ್ಕಿ ಅದರ ಮೇಲಿನ ರಾಜನ ಮೂಗೇ ಇಲ್ಲದಂಗೆ ಮಾಡಿದ್ರು. ಮೂರು ಕಾಸಿಗೂ ಬಾಳಲ್ಲ ಅಂತ ವಾಪಸ್ ಕೊಟ್ಟೆ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕಿದ್ದರು. ವಿನ್ನಿಯ ಕಿವಿ ಕೆಂಪಾಗಿತ್ತು. ಎಲ್ಲಿ ಬಿಸಾಡಿದೆಯೋ ಎಂದು ಕೇಳಿದರೆ ಡ್ಯಾರೆನ್ ನೆನಪಿಲ್ಲ ಎಂದು ತಲೆ ತಗ್ಗಿಸಿದ್ದ.

ಈಗ ಪತ್ರಿಕೆಯ ಹುಡುಗಿ ಮೆಟ್ಟಿಲ ಮೇಲೆ ವಿನ್ನಿಯ ಹತ್ತಿರ ಬಂದಳು. "ಶಿಕ್ಷೆ ಸಾಕು ಅನ್ಸುತ್ತಾ ಅಮ್ಮಾ?"

"ಅವನ ವರ್ಷಗಳನ್ನ ತಗೊಂಡು ನಾನೇನು ಉಪ್ಪಿನಕಾಯಿ ಹಾಕ್ಲಾ? ನಮ್ಮಪ್ಪನ ಪದಕ ಎಲ್ಲಿ ಅಂತ ಯಾರಾದ್ರೂ ಹೇಳಿ, ಸಾಕು."

ಅದು ಪತ್ರಿಕೆಯಲ್ಲಿ ಬರಲಿಲ್ಲ. 'ಇಷ್ಟೇನಾ ಶಿಕ್ಷೆ?' ಎಂಬ ದಪ್ಪ ಅಕ್ಷರಗಳ ಕೆಳಗೆ, ಬೆರಳೆತ್ತಿ ನಿಂತ ಆರ್ನಲ್ಡನ ಫೋಟೋ ಬಂತು. ಕ್ಲಬ್ಬಿನಲ್ಲಿ ಅದೇ ಮಾತು. ಒಬ್ಬ ಛಡಿಯೇಟು ಎಂದ, ಇನ್ನೊಬ್ಬ ಕೈ ಕತ್ತರಿಸಬೇಕು ಎಂದ. ಕೈಗೆ ಸಿಕ್ಕದ ಡ್ಯಾರೆನ್‌ನ ಬದಲು ಅವನ ತಾಯಿ ಮೋರೀನ್ ಸಿಕ್ಕಳು. ಯುದ್ಧದಲ್ಲಿ ಸತ್ತವರನ್ನು ನೆನೆಯುವ ಸ್ಮರಣೆಯ ಭಾನುವಾರಕ್ಕೆ ವರ್ಷವರ್ಷವೂ ಕ್ಲಬ್ಬಿನವರಿಗೆ ಸ್ಯಾಂಡ್‌ವಿಚ್ ಮಾಡುತ್ತಿದ್ದವಳು ಅವಳೇ. ಈ ಸಲ ಅವಳ ಕೈಯ ತಿಂಡಿ ಬೇಡ ಎಂದು ಎಲ್ಲರೂ ಕೈ ಎತ್ತಿದರು. ವಿನ್ನಿಯೂ ಎತ್ತಿದಳು. ಹೊಟ್ಟೆ ಉರಿಯುತ್ತಿತ್ತು, ಎತ್ತಿದಳು.

ಆ ಭಾನುವಾರದ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ವಿನ್ನಿ ಅಡುಗೆಮನೆಯ ಮೇಜಿನ ಮುಂದೆ ಸುಮ್ಮನೆ ಕೂತಿದ್ದಳು. ಅದು ತಿಕ್ಕುವ ದಿನ. ಅಮ್ಮ ಇದೇ ಮೇಜಿಗೆ ಹಳೇ ಪೇಪರ್ ಹಾಸಿ, ಹಿತ್ತಾಳೆ ಪಾಲಿಶ್ ಡಬ್ಬಿ ತೆಗೆದು, ಮೊದಲು ಬಾಗಿಲ ಹಿಡಿ, ಆಮೇಲೆ ಒಲೆಯ ಮುಂದಿನ ಹಿತ್ತಾಳೆ ಕಂಬಿ, ಕಡೆಗೆ ಅದೇ ಬಟ್ಟೆಯಲ್ಲಿ ಪದಕ ತಿಕ್ಕುತ್ತಿದ್ದಳು. ರಿಬ್ಬನ್ ಒದ್ದೆಯಾಗದ ಹಾಗೆ ಎತ್ತಿ ಹಿಡಿಯುವುದು ಪುಟ್ಟ ವಿನ್ನಿಯ ಕೆಲಸ. "ಅಯ್ಯೋ, ಅದು ಬೆಳ್ಳಿ ಕಣೇ, ಹಿತ್ತಾಳೆ ಪಾಲಿಶ್ ಹಾಕಿದ್ರೆ ಸವೆಯುತ್ತೆ" ಎಂದು ಪಕ್ಕದ ಮನೆಯವಳು ಹೇಳಿದರೆ ಅಮ್ಮ, "ರಾಜನ ಮೂಗು ಸವೆದ್ರೆ ಸವೀಲಿ, ನನ್ನ ಗಂಡ ಹೊಳೆದ್ರೆ ಸಾಕು" ಎನ್ನುತ್ತಿದ್ದಳು. ಅಪ್ಪ ಒಲೆಯ ಪಕ್ಕ ಕೂತು ಕೆಮ್ಮುತ್ತ, ಆ ಪದಕದ ಕಡೆ ಮಾತ್ರ ನೋಡುತ್ತಿರಲಿಲ್ಲ. ಅವನು ಹೋದ ಮೇಲೆ ಅಮ್ಮ ಅದನ್ನು ತನ್ನ ಕೋಟಿನ ಬಲಗಡೆ ಚುಚ್ಚಿಕೊಂಡಳು. ಎಡಗಡೆ ಗೆದ್ದು ತಂದವರಿಗೆ, ಬಲಗಡೆ ಮನೆಯವರಿಗೆ. ಅಮ್ಮನ ನಂತರ ವಿನ್ನಿಯ ಬಲಗಡೆಗೆ ಬಂತು. ವರ್ಷವೆಲ್ಲ ಕ್ಲಬ್ಬಿನ ಗಾಜಿನ ಪೆಟ್ಟಿಗೆಯಲ್ಲಿದ್ದರೂ ಈ ಶನಿವಾರ ಮಾತ್ರ ತಿಕ್ಕಲು ಮನೆಗೆ ಬರುತ್ತಿತ್ತು. ರಾಜನ ಮುಖ ಇದ್ದ ಜಾಗದಲ್ಲಿ ಅಮ್ಮನ ಹೆಬ್ಬೆರಳಿಗೆ ಸರಿಯಾದ ಒಂದು ತಗ್ಗಿತ್ತು. ಮೂರು ಕಾಸಿಗೂ ಬಾಳದ್ದಂತೆ! ಆ ವ್ಯಾಪಾರಿಯ ಬಾಯಿಗೆ ಹುಳ ಬೀಳ.

ಹಿತ್ತಲ ಬಾಗಿಲು ತಟ್ಟಿದ ಸದ್ದಾಯಿತು. ಮೋರೀನ್. ಸೊರಗಿಹೋಗಿದ್ದಳು. ಒಳಗೆ ಬರದೆ, ಪದಕ ಸುತ್ತಿದ್ದ ಕರ್ಚೀಫು ಚಾಚಿದಳು.

"ಅವನ ಕೆಲಸದ ಕೋಟಿನ ಅಸ್ತರಿನಲ್ಲಿತ್ತು. ಜೇಬು ಹರಿದು ಒಳಗೆ ಬಿದ್ದುಹೋಗಿತ್ತು. ಪೊಲೀಸರಿಗೆ ಕೊಟ್ರೆ ಇನ್ನೂ ಎಲ್ಲಿ ವರ್ಷ ಜಾಸ್ತಿ ಮಾಡ್ತಾರೋ ಅಂತ... ಅವನು ಮಾಡಿದ್ದು ತಪ್ಪೇ ವಿನ್ನಿ. ಆದ್ರೆ ಹೆತ್ತವಳು ನಾನು."

ಪದಕ ಕಪ್ಪಾಗಿತ್ತು. ವಿನ್ನಿ ಕಣ್ಣು ಮುಚ್ಚಿ ಹೆಬ್ಬೆರಳಿಟ್ಟಳು. ತಗ್ಗು ಅಲ್ಲೇ ಇತ್ತು.

"ತಿಕ್ಕಿ ತರೋಣ ಅಂದ್ಕೊಂಡೆ, ಮುಟ್ಟೋಕೆ ಧೈರ್ಯ ಬರಲಿಲ್ಲ," ಎಂದು ಮೋರೀನ್ ಹೊರಡಲು ತಿರುಗಿದಳು.

"ಎಲ್ಲಿಗೆ ಹೊರಟೆ? ಬಾರೇ ಒಳಗೆ. ಕೂತ್ಕೋ."

ವಿನ್ನಿ ಪಾಲಿಶ್ ಡಬ್ಬಿ ತೆಗೆದಳು. ಮೇಜಿಗೆ ಹಾಸಲು ಸಿಕ್ಕಿದ್ದು ಆರ್ನಲ್ಡನ ಫೋಟೋ ಇದ್ದ ಪೇಪರೇ. ಹಾಸಿದಳು.

"ಅಯ್ಯೋ, ಹಿತ್ತಾಳೆದಲ್ವಾ ಇದು? ಬೆಳ್ಳಿಗೆ ಹಾಕ್ಬಾರ್ದು."

"ನಮ್ಮಮ್ಮನೇ ಯಾರ ಮಾತೂ ಕೇಳಲಿಲ್ಲ, ನಾನು ನಿನ್ನ ಮಾತು ಕೇಳ್ತೀನಾ? ತಿಕ್ಕು. ಕೈ ಎತ್ತಬಾರದಿತ್ತು ನಾನು ಅವತ್ತು, ಎತ್ತಿಬಿಟ್ಟೆ. ನಾಳೆ ಸ್ಯಾಂಡ್‌ವಿಚ್ ಮಾಡ್ಕೊಂಡು ಬಾ, ಜೊತೆಗೆ ಹೋಗೋಣ. ಯಾರು ಬೇಡ ಅಂತಾರೋ ನೋಡೇಬಿಡ್ತೀನಿ."

ಮೋರೀನ್ ಬಟ್ಟೆ ಕೈಗೆತ್ತಿಕೊಂಡು ಅಳುತ್ತಲೇ ತಿಕ್ಕತೊಡಗಿದಳು. ಕಪ್ಪು ನೀರು ಇಳಿದು ಆರ್ನಲ್ಡನ ಎತ್ತಿದ ಬೆರಳಿನ ಮೇಲೆ ಹರಡಿತು. ವಿನ್ನಿ ಕುರ್ಚಿ ಹತ್ತಿರ ಎಳೆದುಕೊಂಡು, ಎರಡು ಬೆರಳಲ್ಲಿ ರಿಬ್ಬನ್ನನ್ನು ಒದ್ದೆಯಾಗದ ಹಾಗೆ ಎತ್ತಿ ಹಿಡಿದಳು.