ಸದ್ದು ಮಾಡದ ಯಂತ್ರ

ಟುರಿನ್ ನಗರದ ಎಂಜಿನ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದವನು ನಾನು, ಎವಾರಿಸ್ತೊ. ಗೇಟಿನೊಳಗೆ ಮನೆಯವರನ್ನು ಬಿಡುತ್ತಿರಲಿಲ್ಲ. ನಾನು ಅಲ್ಲಿ ಏನು ಕಡಿದು ಕಟ್ಟೆ ಹಾಕುತ್ತೇನೆಂದು ಹೆಂಡತಿ ಅರ್ಮೀದಾಗೆ ತಿಳಿದದ್ದು ಅಂಗಿಯ ಜಿಡ್ಡಿನಿಂದ ಮಾತ್ರ. ಹಾಗಾಗಿ ಚಿತ್ರಕಾರ ಗ್ವಾಲ್ತಿಯೆರೊ, ನಾಟಕಶಾಲೆಯಲ್ಲಿ ತೋರಿಸಲು ಒಂದು ಯಂತ್ರ ಮಾಡಿಕೊಡು ಎಂದಾಗ ಒಪ್ಪಿಕೊಂಡೆ. ಒಮ್ಮೆಯಾದರೂ ಅವಳು ನನ್ನ ಕೆಲಸ ನೋಡಲಿ ಎಂಬುದೊಂದೇ ಆಸೆ.

ಗ್ವಾಲ್ತಿಯೆರೊ ಹಳೆಯ ಶಿಲ್ಪಗಳನ್ನೆಲ್ಲ ನದಿಗೆ ಎಸೆಯಿರಿ, ಇನ್ನು ಎಂಜಿನ್ನೇ ಸೌಂದರ್ಯ ಎನ್ನುವ ಕಲಾವಿದರ ಗುಂಪಿನವನು. ಜನ್ಮದಲ್ಲಿ ಒಂದು ಸ್ಕ್ರೂ ಬಿಗಿದವನಲ್ಲ. ಅವನ ಚಿತ್ರ ನೋಡಿ ಹನ್ನೊಂದು ಹಲ್ಲುಚಕ್ರ ಕಡೆದು ಜೋಡಿಸಿದೆ.

"ಮೇಸ್ತ್ರಿ, ಎಣ್ಣೆ ಮಾತ್ರ ಮುಟ್ಟಿಸ್ಬೇಡ," ಎಂದ. "ಅದು ಕಿರುಚ್ಬೇಕು. ಜನ ರೇಗಿ ಟೊಮೇಟೊ ಎಸೀಬೇಕು. ಜನರನ್ನ ರೇಗಿಸೋದೇ ನಮ್ಮ ಕಲೆ. ಟೊಮೇಟೊ ಬೀಳ್ಲಿಲ್ಲ ಅಂದ್ರೆ ನಾವು ಸೋತ ಹಾಗೆ."

"ಸ್ವಾಮಿ, ಕಿರುಚೋ ಯಂತ್ರ ಅಂದ್ರೆ ಕೆಟ್ಟಿರೋ ಯಂತ್ರ."

"ಅದು ನಿಮ್ಮ ಕಾರ್ಖಾನೇಲಿ. ಮಾತು ಕೊಡು."

ಕೊಟ್ಟೆ.

ಶನಿವಾರ ಸಂಜೆ ಅರ್ಮೀದಾ ಚರ್ಚಿಗೆ ಹೊದೆಯುವ ಶಾಲು ಹೊದ್ದು ಮೂರನೇ ಸಾಲಿನಲ್ಲಿ ಕುಳಿತಿದ್ದಳು. ಸುತ್ತಲಿನವರ ಮಡಿಲಲ್ಲಿ ಎಸೆಯಲೆಂದೇ ತಂದ ಕೊಳೆತ ಟೊಮೇಟೊ ಬುಟ್ಟಿಗಳು. ಪರದೆಯ ಹಿಂದೆ ಹಿಡಿಯನ್ನು ಒಮ್ಮೆ ತಿರುಗಿಸಿದೆ. ಒಣ ಅಚ್ಚು ಕಿರ್ರೆಂದು ಕಿರುಚಿತು. ನನ್ನ ಮೂವತ್ತು ವರ್ಷ ಅವಳ ಕಿವಿಗೆ ಹೀಗೆ ಬೀಳಬೇಕೇ? ಜೇಬಿನಿಂದ ಎಣ್ಣೆ ಕುಪ್ಪಿ ತೆಗೆದು ಪ್ರತಿ ಅಚ್ಚಿಗೂ ಎರಡೆರಡು ಹನಿ ಬಿಟ್ಟೆ.

ಪರದೆ ಸರಿಯಿತು. ಹನ್ನೊಂದೂ ಚಕ್ರಗಳು ಚೂರೂ ಸದ್ದಿಲ್ಲದೆ ತಿರುಗಿದವು. ಟೊಮೇಟೊ ಹಿಡಿದು ಎತ್ತಿದ ಕೈಗಳು ಹಾಗೇ ನಿಂತವು. ಯಾರೋ ಒಬ್ಬ ಚಪ್ಪಾಳೆ ತಟ್ಟಿದ. ಆಮೇಲೆ ಇಡೀ ಸಭೆಯೇ ತಟ್ಟಿತು.

ಜನ ಚದುರಿದ ಮೇಲೆ ಗ್ವಾಲ್ತಿಯೆರೊ ನನ್ನ ಮೇಲೆ ಹರಿಹಾಯ್ದ. "ಮಾನ ಕಳೆದ್ಬಿಟ್ಯಲ್ಲೋ! ಚಪ್ಪಾಳೆ ಹೊಡ್ಸಿಬಿಟ್ಯಲ್ಲೋ! ಗೆಳೆಯರಿಗೆ ಹೇಗೆ ಮುಖ ತೋರಿಸ್ಲಿ?"

ತಪ್ಪು ನನ್ನದೇ. ಕೊಟ್ಟ ಮಾತು ಮುರಿದಿದ್ದೆ.

ಅಷ್ಟರಲ್ಲಿ ಅರ್ಮೀದಾ ಮೆಟ್ಟಿಲು ಹತ್ತಿ ಬಂದಳು. ಅವನತ್ತ ತಿರುಗಿಯೂ ನೋಡಲಿಲ್ಲ.

"ರೀ, ಇನ್ನೊಂದ್ಸಲ ತಿರುಗ್ಸಿ."

ತಿರುಗಿಸಿದೆ. ಅವಳು ಶಾಲು ಸರಿಸಿ ದೊಡ್ಡ ಚಕ್ರದ ಅಚ್ಚಿನ ಬಳಿ ಕಿವಿಯಿಟ್ಟು, ಉಸಿರು ಹಿಡಿದು ಆಲಿಸಿದಳು.

"ಏನೂ ಕೇಳಿಸ್ತಾನೇ ಇಲ್ವಲ್ರೀ!"

ಮೂವತ್ತು ವರ್ಷದಲ್ಲಿ ಯಾವ ಫೋರ್‌ಮನ್ನೂ ನನ್ನನ್ನು ಇಷ್ಟು ಹೊಗಳಿರಲಿಲ್ಲ.