ಮಾನಿಟರಿನ ಸ್ವಿಚ್ಚು

ಮಳವಳ್ಳಿಯ ನಮ್ಮ ರೇಷ್ಮೆ ಬೆಳೆಗಾರರ ಸಂಘದಲ್ಲಿ ಇರುವುದು ಒಂದೇ ಕಂಪ್ಯೂಟರ್, ಅದರಲ್ಲಿರುವುದು ಲಿನಕ್ಸ್. ಬೆಳಿಗ್ಗೆ ನಿಖಿತಾ ಕೂರುತ್ತಾಳೆ, ಮಧ್ಯಾಹ್ನ ನಾನು. ಇಬ್ಬರಿಗೂ ಬೇರೆ ಬೇರೆ ಲಾಗಿನ್. ನನಗೆ ಕಣ್ಣು ಕಾಣುವುದಿಲ್ಲ. ಪರದೆಯ ಮೇಲಿರುವುದನ್ನೆಲ್ಲ ಕಂಪ್ಯೂಟರೇ ಓದಿ ಹೇಳಬೇಕು.

ಮೊನ್ನೆ ನಿಖಿತಾ ತನ್ನ ಕೆಲಸ ಮುಚ್ಚದೆ, ನನ್ನ ಲಾಗಿನ್‌ಗೆ ಬದಲಿಸಿ ಎದ್ದಳು. ನಾನು ಕೂತು ಯಾವ ಕೀಲಿ ಒತ್ತಿದರೂ ಕಂಪ್ಯೂಟರ್ ಮಾತಾಡಲಿಲ್ಲ. ಸ್ಪೀಕರಿನಲ್ಲಿ ಅವಳ ಹಾಡು ಮಾತ್ರ ಬರುತ್ತಲೇ ಇತ್ತು.

"ಇದ್ಯಾಕಮ್ಮ ಬಾಯಿ ಬುಡ್ತಿಲ್ಲ?"

"ಸಾಂಗು ನಿಲ್ಬಾರ್ದು ಅಂತ ನನ್ನೆಸ್ರನ್ನ ಕಂಪ್ಯೂಟರ್ನಲ್ಲಿರೋ ಆಡಿಯೋ ಗ್ರೂಪ್‌ಗೆ ಸೇರಿಸ್ಕೊಂಡೆ ಕಣಣ್ಣ. ಲಾಗಿನ್ ಬದಲಾದ್ರೂ ಸೌಂಡು ನನ್ ಕಡೆನೇ ಇರ್ತದೆ. ಸ್ಕ್ರೀನು ಬಂದೈತಲ್ಲ, ನೀವು ಮಾಡಿ."

ನನಗೆ ಪಿತ್ತ ನೆತ್ತಿಗೇರಿತು. ಎದ್ದು, ಅವಳನ್ನೇ ಕುರ್ಚಿಯಲ್ಲಿ ಕೂರಿಸಿ, ತಡಕಾಡಿ ಮಾನಿಟರಿನ ಸ್ವಿಚ್ಚು ಆರಿಸಿದೆ.

"ಈಗ ನೀನು ಮಾಡು ಕಣಮ್ಮ, ನೋಡನ."

ಕೀಲಿಗಳ ಸದ್ದು ಒಂದೆರಡು ಸಲ ಕೇಳಿಸಿ ನಿಂತುಹೋಯಿತು.

"ಏನೂ ಕಾಣಕಿಲ್ವಲ್ಲಣ್ಣ..." ಎಂದವಳೇ, "ಅಯ್ಯೋ, ತಪ್ಪಾಯ್ತು" ಅಂದಳು.

ಮಾನಿಟರ್ ಹಾಕಿ, ಆ ಗ್ರೂಪಿನಿಂದ ತನ್ನ ಹೆಸರು ತೆಗೆದು, ಕಂಪ್ಯೂಟರನ್ನೇ ಒಮ್ಮೆ ಆಫ್ ಮಾಡಿ ಆನ್ ಮಾಡಿದಳು. ಹಾಡು ನಿಂತಿತು. ನನ್ನ ಲಾಗಿನ್ ತೆರೆದ ಕೂಡಲೇ ಕಂಪ್ಯೂಟರ್ ಪಟಪಟನೆ ಓದತೊಡಗಿತು.

ನಾನು ಕೂತು, ಕೈ ಚಾಚಿ ಮಾನಿಟರನ್ನು ಮತ್ತೆ ಆರಿಸಿದೆ.

"ಇನ್ನೂ ಕೋಪ್ವಾ ಅಣ್ಣ?" ಅವಳ ದನಿ ಸಣ್ಣಗಾಗಿತ್ತು.

"ಕೋಪ ಇಲ್ಲ ಬುಡಮ್ಮ. ಅದನ್ನ ನೋಡೋರು ಯಾರವ್ರೆ? ಕರೆಂಟಾದ್ರೂ ಉಳೀಲಿ."