ಹೊರಗೆ ಬಾರದ ಕರೆ

"ಮೂವತ್ತೇಳು," ಎಂದಳು ಹುಡುಗಿ. "ಮೂವತ್ತೇಳು ಸಲ ತೆರೆದ್ರೂ ಆ್ಯಪ್ ಚೆನ್ನಾಗೇ ಇದೆ, ಅಣ್ಣ. ನಿಮ್ಮ ಮೇಜಿನ ಹತ್ರ ಬಂದ್ರೆ ಇದು ಸಾಧು ಹಸು ಆಗ್ಬಿಡುತ್ತೆ."

ಹಿರಿಯ ಪ್ರೋಗ್ರಾಮರ್ ನಗಲಿಲ್ಲ. ಬಸ್ಸು ಎಲ್ಲಿದೆಯೆಂದು ತೋರಿಸುವ ಅವರ ಆ್ಯಪ್ ಹದಿನೈದು ದಿನಗಳಿಂದ ಕೆಲವರ ಫೋನಿನಲ್ಲಿ, ಕೆಲವು ಸಲ ಮಾತ್ರ, ತಟ್ಟನೆ ಮುಚ್ಚಿಹೋಗುತ್ತಿತ್ತು. ತಪ್ಪು ಹೊಸದಾಗಿ ಸೇರಿದ ಈ ಹುಡುಗಿಯ ಕೋಡಿನದೇ ಎಂದು ಅವನು ನಿನ್ನೆ ಕಂಪನಿಯ ಯಜಮಾನರಿಗೆ ಹೇಳಿಬಿಟ್ಟಿದ್ದ. ನೋಡದೆಯೇ, ದೇವರೆದುರು ನಿಂತವನಷ್ಟು ಗಟ್ಟಿಯಾಗಿ. ಅವಳ ಕೆಲಸ ಕಾಯಂ ಆಗುವುದೋ ಇಲ್ಲವೋ ಎಂಬುದು ಇವತ್ತು ನಾಲ್ಕು ಗಂಟೆಗೆ ತೀರ್ಮಾನ. ಅವನು ಹೇಳಿದ್ದು ಅವಳ ಕಿವಿಗೂ ಬಿದ್ದಿತ್ತು.

ಬೆಳಿಗ್ಗೆಯಿಂದ ಕೂತು ಅವಳು, ಕೋಡಿನೊಳಗೆ ಒಂದೊಂದು ಕೆಲಸ ಮಾಡುವ ತುಂಡನ್ನು, ಅಂದರೆ ಮೆಥಡ್ಡನ್ನು, ಕರೆದಾಗಲೆಲ್ಲ ಆ ಕರೆ ಒಳಹೋಗುವಾಗ ಒಂದು ಸಾಲು, ಹೊರಬರುವಾಗ ಒಂದು ಸಾಲು ಬರೆದಿಡುವಂತೆ ಮಾಡಿದ್ದಳು.

"ಮೆಟ್ಟಿಲ ಹತ್ರ ಹೋಗೋಣ್ವಾ? ಅಲ್ಲಿ ಸಿಗ್ನಲ್ ಸತ್ತು ಸತ್ತು ಬದುಕ್ತಿರುತ್ತೆ. ಬಸ್ಸಿಗೆ ಕಾಯೋರು ನಿಮ್ಮ ಮೇಜಿನ ಮೇಲೆ ಕೂತು ಕಾಯಲ್ವಲ್ಲ."

ಫೋನನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿಕೊಂಡು ಇಬ್ಬರೂ ಮೆಟ್ಟಿಲ ಮೇಲೆ ಕುಳಿತರು. ಅವಳು ಫೋನಿನಲ್ಲಿ ಬಸ್ಸಿನ ನಕ್ಷೆ ತೆರೆದು, ಅದು ಮೂಡುವ ಮುಂಚೆಯೇ ಹಿಂದಕ್ಕೆ ಬಂದಳು. ಮೂರನೆಯ ಸಲಕ್ಕೆ ಆ್ಯಪ್ ಮುಚ್ಚಿಹೋಯಿತು.

ಅವನ ಮಡಿಲಲ್ಲಿದ್ದ ಲ್ಯಾಪ್‌ಟಾಪಿನಲ್ಲಿ ಸಾಲುಗಳು ನಿಂತಿದ್ದವು. ಒಳಹೋದ ಕರೆಗಳೆಲ್ಲ ಹೊರಬಂದಿದ್ದವು, ಒಂದು ಮಾತ್ರ ಬಂದಿರಲಿಲ್ಲ. ಬಸ್ಸು ಎಲ್ಲಿದೆಯೆಂದು ತಡವಾಗಿ ಬಂದ ಮಾಹಿತಿಯನ್ನು ಅದು ಆಗಲೇ ಮುಚ್ಚಿದ್ದ ನಕ್ಷೆಯ ಮೇಲೆ ಬರೆಯಲು ಹೋಗಿತ್ತು. ಹುಡುಗಿ ಆ ಮೆಥಡ್ ತೆರೆದಳು. ಮೇಲೊಂದು ಟಿಪ್ಪಣಿ: 'ಸದ್ಯಕ್ಕೆ ಹೀಗಿರಲಿ, ಆಮೇಲೆ ಸರಿಮಾಡುವುದು.' ಪಕ್ಕದಲ್ಲಿ ನಾಲ್ಕು ವರ್ಷ ಹಿಂದಿನ ತಾರೀಕು, ಅವನ ಹೆಸರು.

ಅವನ ಕಿವಿ ಬಿಸಿಯಾಯಿತು. ಅವಳು ನಕ್ಕಿದ್ದರೆ, ಒಂದು ಮಾತು ಚುಚ್ಚಿದ್ದರೆ ಉಪಕಾರವಾಗುತ್ತಿತ್ತು. ಅವಳು ಬೆರಳಿನಿಂದ ಪುಟವನ್ನು ಮೆಲ್ಲಗೆ ಮೇಲೆ ಸರಿಸಿದಳು, ಹೆಸರು ಕಾಣದಂತಾಗುವವರೆಗೆ.

"ಯಾರೋ ಪಾಪ, ಅವಸರದಲ್ಲಿದ್ರು ಅನ್ಸುತ್ತೆ. ಯಜಮಾನ್ರಿಗೆ 'ಸಿಕ್ತು' ಅಂದ್ಬಿಡಿ ಅಣ್ಣ, ಸಾಕು."

ಅಷ್ಟೇ ಹೇಳಿದರೆ ತಪ್ಪು ಯಾರ ತಲೆಗೆ ಸುತ್ತಿಕೊಳ್ಳುತ್ತದೆಂದು ಅವನಿಗೆ ಗೊತ್ತಿತ್ತು. ಅವಳಿಗೆ ಗೊತ್ತಿರಲಿಲ್ಲವೇ? ಲ್ಯಾಪ್‌ಟಾಪನ್ನು ಮೆಟ್ಟಿಲ ಮೇಲಿಟ್ಟು ಎದ್ದು ಯಜಮಾನರ ಕೋಣೆಗೆ ಹೋದ.

ಯಜಮಾನರು ಕಾಗದದಿಂದ ತಲೆಯೆತ್ತಲಿಲ್ಲ. "ಏನಪ್ಪಾ, ಆ ಹುಡುಗಿಯ ಎಡವಟ್ಟು ಸಿಕ್ತಾ?"

"ಸಿಕ್ತು. ಅವಳದ್ದಲ್ಲ. ನಂದು. ನೋಡ್ದೇನೇ ಅವಳ ಮೇಲೆ ಹಾಕ್ಬಿಟ್ಟೆ."

ಅವರು ಕನ್ನಡಕ ತೆಗೆದರು. "ನೋಡ್ದೇನೇ?"

"ನೋಡ್ದೇನೇ."

ಅವರು ಹುಡುಗಿಯ ಕೆಲಸ ಕಾಯಂ ಇಲ್ಲವೆಂದು ಬರೆಯುತ್ತಿದ್ದ ಕಾಗದವನ್ನು ಎರಡಾಗಿ ಹರಿದರು. ಅವನು ಇನ್ನೂ ಸ್ವಲ್ಪ ಹೊತ್ತು ನಿಂತೇ ಇದ್ದ, ಬೈಗುಳ ಬಾಕಿಯಿದೆಯೇನೋ ಎಂಬಂತೆ.

ಹಿಂದಿರುಗಿದಾಗ ಹುಡುಗಿ ಅಲ್ಲೇ ಕುಳಿತು, ಬಾಯೊಳಗೇ ಎಣಿಸುತ್ತಾ ನಕ್ಷೆ ತೆರೆದು ಮುಚ್ಚುತ್ತಿದ್ದಳು. ತಲೆಯೆತ್ತಲಿಲ್ಲ. ಪಕ್ಕದಲ್ಲಿದ್ದ ಲ್ಯಾಪ್‌ಟಾಪನ್ನು ಎತ್ತಿ ತನ್ನ ಮಡಿಲಿಗಿಟ್ಟುಕೊಂಡಳು. ಅವನಿಗೆಂದು ತೆರವಾದ ಆ ಜಾಗದ ಎದುರು, ಕೂರಲು ಮನಸ್ಸು ಒಪ್ಪದೆ, ಅವನು ಒಂದು ಮೆಟ್ಟಿಲು ಕೆಳಗೇ ನಿಂತ.